ಕೇಳಿ ಹೋಗೂದು ಬ್ಯಾರೆ, ಹೇಳಿ ಹೋಗೂದು ಬ್ಯಾರೆ

ನಮ್ಮ ಸೊಸಿ ಅಮೇರಿಕಾದಾಗ ಒಬ್ಬಾಕಿನ ಒಂದು ದಿನದಾಗ 18 ಕಿಲೋಮೀಟರ್ ಕೆಂಪು ಕಲ್ಲಿನ ಗುಡ್ಡದಾಗ ನಡದು ಬಂದ್ಲು ಅಂತ ನಾ ಫೋಟೋ ಕಳಿಸಿದ್ದೇ ತಡ, ನಮ್ಮ ಮನಿ ಗ್ರೂಪಿನ್ಯಾಗ ಪಂಚಾಯ್ತಿ ಕೂಡಿಬಿಡ್ತು. "ಮೂರು ವರ್ಷದ ಕೂಸು ಬಿಟ್ಟು ಹೋಗ್ಯಾಳೇನು?" ಅಂತ ಒಬ್ಬರು. "ಗಂಡ ಇರ್ಲಿಲ್ಲೇನು ಸಂಗಾಟ?" ಅಂತ ಇನ್ನೊಬ್ಬರು. ನಮ್ಮ ಕಾಕು ಅಂತೂ ಫೋನ್ ಹಚ್ಚೇ ಕೇಳಿದ್ರು, "ಅತ್ತಿ ಆಗಿ ನೀ ಹೆಂಗ ಬಿಟ್ಟಿ ಬೇ?" ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಉತ್ತರ ಕೊಡೂದಕ್ಕಿಂತ ಇಲ್ಲೇ ಎಲ್ಲಾರಿಗೂ ಕೂಡಿಸಿ ಬರದ್ರ ಆತು ಅಂತ ಕುಂತೀನಿ. ಸಿಟ್ಟಿಲ್ಲ ನಂಗ. ಆದ್ರ ಹೇಳೂದು ಭಾಳ ಐತಿ.

ಮೊದಲ ಜಾಗಾ ಯಾವುದು ಅಂತ ಹೇಳ್ತೀನಿ. ಮಗಾ ಸೊಸಿ ಇರೂದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯೊಳಗ. ಅಲ್ಲಿಂದ ಸುಮಾರು 380 ಕಿಲೋಮೀಟರ್, ಕಾರಿನ್ಯಾಗ ನಾಕು ತಾಸು ಹೋದ್ರ ಮೊಆಬ್ ಅಂತ ಒಂದು ಸಣ್ಣ ಊರು ಬರತೈತಿ. ಊರಿನ ಸುತ್ತ ಎಲ್ಲಿ ನೋಡಿದ್ರೂ ಕೆಂಪು ಕಲ್ಲು. ಒಂದು ಕಡಿ ಆರ್ಚಸ್ ಅನ್ನೂ ನ್ಯಾಷನಲ್ ಪಾರ್ಕ್, ಇನ್ನೊಂದು ಕಡಿ ಕ್ಯಾನ್ಯನ್‌ಲ್ಯಾಂಡ್ಸ್ ಅನ್ನೂದು. ಹೋದ ವರ್ಷ ಅಕ್ಟೋಬರಿನ್ಯಾಗ ನಾವು ಅಲ್ಲಿ ನಾಕು ದಿನ ಇದ್ವಿ.

ಬಾದಾಮಿ ಕಡಿಯವರಿಗೆ ಆ ಬಣ್ಣ ಹೊಸಾದಲ್ಲ. ನಮ್ಮದೂ ಮರಳುಗಲ್ಲು, ಅವರದೂ ಮರಳುಗಲ್ಲು. ಉಸುಕಿನೊಳಗಿನ ಕಬ್ಬಿಣ ತುಕ್ಕು ಹಿಡದು ಕೆಂಪಾಗಿರತೈತಿ, ಎರಡೂ ಕಡಿ ಅದೇ ಲೆಕ್ಕ. ವಯಸ್ಸಿನ್ಯಾಗ ನಮ್ಮ ಬಾದಾಮಿ ಕಲ್ಲೇ ದೊಡ್ಡಕ್ಕ, ಆರ್ಚಸ್ ಪಾರ್ಕಿನ ಕಲ್ಲಿಗಿಂತ ಎಷ್ಟೋ ಹಳೇದು. ಆದ್ರ ಒಂದು ಫರಕು ಐತಿ. ಬಾದಾಮಿ ಗುಡ್ಡದ ಮ್ಯಾಲ ನಿಂತ್ರ ಕೆಳಗ ಅಗಸ್ತ್ಯ ತೀರ್ಥದ ನೀರು ಕಾಣತೈತಿ, ಬಟ್ಟಿ ಒಗಿಯೂ ಸಪ್ಪಳ ಕೇಳತೈತಿ, ಮಂಗ್ಯಾ ಬಂದು ಕೈಯಾಗಿನ ಚೀಲಾ ಕಸಗೋತೈತಿ. ಅಲ್ಲಿ ನೀರೂ ಇಲ್ಲ, ಸಪ್ಪಳಾನೂ ಇಲ್ಲ. ನಮ್ಮ ಕಿವಿಯೊಳಗಿನ ಸಪ್ಪಳ ನಮಗ ಕೇಳತೈತಿ.

ಆರ್ಚಸ್ ಪಾರ್ಕಿನ್ಯಾಗ ನಾನೂ ನಡದೀನಿ, ಕೂತು ಮಾತಾಡಾಕಿ ಅಲ್ಲ ನಾ. ಲ್ಯಾಂಡ್‌ಸ್ಕೇಪ್ ಆರ್ಚ್ ಅಂತ ಒಂದು ಕಲ್ಲಿನ ಕಮಾನು ಐತಿ, ಈ ತುದಿಯಿಂದ ಆ ತುದಿಗೆ 300 ಅಡಿ ಹತ್ತಿರ. ಮಧ್ಯ ಎಷ್ಟು ಸಣ್ಣ ಐತಿ ಅಂದ್ರ, ಇದು ಇನ್ನೂ ಹೆಂಗ ನಿಂತೈತಿ ಅನಸತೈತಿ. 1991ರಾಗ ಅದರ ಕೆಳಗಿಂದ ಒಂದು ದೊಡ್ಡ ಚಪ್ಪಡಿ ಬಿದ್ದಿತ್ತಂತ, ಈಗ ಅದರ ಬುಡಕ್ಕ ಯಾರನ್ನೂ ಬಿಡಂಗಿಲ್ಲ. ಅಲ್ಲಿ ತನಕ ದಾರಿ ಚೊಲೋ ಐತಿ, ಮೊಮ್ಮಗನ ಕೈ ಹಿಡದು ನಡದೆ. ಮುಂದಕ ದಾರಿ ಅನ್ನೂದ ಇಲ್ಲ, ಬರೇ ಬಂಡಿ. ಗ್ವಾಡಿ ಮ್ಯಾಲ ನಡದಂಗ ಕಲ್ಲಿನ ಏಣಿನ ಮ್ಯಾಲ ಜನ ಹೊಂಟಿದ್ರು. ಅದರಾಗ ಎಪ್ಪತ್ತರ ಸುಮಾರಿನ ಒಬ್ಬಾಕಿ ಅಜ್ಜಿ, ಎರಡೂ ಕೈಯಾಗ ಕೋಲು, ಬೆನ್ನ ಮ್ಯಾಲ ಚೀಲ, ಸಂಗಾಟ ಯಾರೂ ಇಲ್ಲ. ನನ್ನ ಮಕ ನೋಡಿ ನಕ್ಕು ಮುಂದಕ ಹೋದ್ಲು. ನಂಗ ಮೊಳಕಾಲು ನೋಯಾಕ ಹತ್ತಿತ್ತು, ನಾ ಹೊಳ್ಳಿ ಬಂದೆ.

ಸೊಸಿ ನಡದದ್ದು ಮರುದಿನ, ಕ್ಯಾನ್ಯನ್‌ಲ್ಯಾಂಡ್ಸ್ ಪಾರ್ಕಿನ ನೀಡಲ್ಸ್ ಅನ್ನೂ ಭಾಗದಾಗ. ನೀಡಲ್ಸ್ ಅಂದ್ರ ಸೂಜಿ. ಕೆಂಪು ಬಿಳಿ ಪಟ್ಟಿ ಪಟ್ಟಿ ಕಲ್ಲು ಸೂಜಿಗತೆ ಸಾಲಾಗಿ ನಿಂತಾವ, ಇಳಕಲ್ಲ ಸೀರಿ ದಡಿ ಮಡಚಿ ನಿಲ್ಲಿಸಿದಂಗ. ಅವುಗಳ ನಡಕ ಚೆಸ್ಲರ್ ಪಾರ್ಕ್ ಅಂತ ಒಂದು ಹುಲ್ಲಿನ ಬಯಲು. ಅದನ್ನ ಸುತ್ತು ಹಾಕಿ ಬರೂದಕ್ಕ 11 ಮೈಲು, ಅಂದ್ರ 18 ಕಿಲೋಮೀಟರ್ ಹತ್ತಿರ. ಒಂದು ಕಡಿ ಎರಡು ಬಂಡಿ ನಡುವಿನ ಸಂದಿಯೊಳಗ ಹಾಯಬೇಕು. ಎರಡೂ ಭುಜಾ ಕಲ್ಲಿಗೆ ತಾಗತಾವ, ಬೆನ್ನಿನ ಚೀಲ ತಗದು ಕೈಯಾಗ ಹಿಡಕೋಬೇಕು, ಮ್ಯಾಲ ನೋಡಿದ್ರ ಆಕಾಶ ಒಂದು ನೀಲಿ ದಾರ ಇದ್ದಂಗ ಅಂತ ಹೇಳಿದ್ಲು. ಮೊಆಬಿನಿಂದ ಅಲ್ಲಿಗೆ ಮುಟ್ಟಾಕ ಒಂದೂವರಿ ತಾಸಿನ ಮ್ಯಾಲ. ದಾರಿ ಮ್ಯಾಲ ಒಂದು ಹನಿ ಕುಡಿಯೂ ನೀರು ಇಲ್ಲ. ಫೋನ್ ಸಿಗಂಗಿಲ್ಲ.

ಇಷ್ಟು ಕೇಳಿದ ಮ್ಯಾಲ ನೀವು "ಅದಕ್ಕ ನಾವು ಹೇಳೂದು!" ಅಂತೀರಿ. ತಡೀರಿ, ಅಡಗಿಮನಿಗೆ ಬರ್ರಿ.

ಹಿಂದಿನ ರಾತ್ರಿ ಅಕಿ ರೂಮಿನ ಸಣ್ಣ ಅಡಗಿಕಟ್ಟಿ ಮ್ಯಾಲ ಸಾಮಾನು ಹರವಿಕೊಂಡು ನಿಂತಿದ್ಲು. ಮೊದಲ ನೀರು. ಆ ಸೀಮಿಯೊಳಗ ಒಬ್ಬ ಮನಿಷಾಗ ಒಂದು ದಿನಕ್ಕ ಒಂದು ಗ್ಯಾಲನ್, ಹತ್ತತ್ರ ನಾಕು ಲೀಟರ್ ನೀರು ಬೇಕು ಅಂತ ಪಾರ್ಕಿನವರು ಬರದು ಹಚ್ಚಿರ್ತಾರ. ನಾಕು ಲೀಟರ್ ಅಂದ್ರ ನಾಕು ಕೇಜಿ ಭಾರ. ಕೊಡಾ ಹೊತ್ತವರಿಗೆ ಗೊತ್ತಾಗತೈತಿ, ಮುಂಜಾನೆ ನಾಕು ಕೇಜಿ ಮಧ್ಯಾನಕ್ಕ ಎಷ್ಟಾಗತೈತಿ ಅಂತ. "ಅರ್ಧಾ ಕಡಿಮಿ ಒಯ್ಯಲ್ಲ, ಬಿಸಿಲು ಭಾಳ ಇರಂಗಿಲ್ಲ ಅಕ್ಟೋಬರಿನ್ಯಾಗ" ಅಂದ ನನ್ನ ಮಗಾ. ಅಕಿ ಕೇಳಲಿಲ್ಲ. ಚೊಲೋ ಮಾಡಿದ್ಲು. ಆ ಗಾಳಿ ಎಷ್ಟು ಒಣಾ ಐತಿ ಅಂದ್ರ ಬೆವರು ಬಂದದ್ದು ಗೊತ್ತಾಗಂಗಿಲ್ಲ, ಬಂದಂಗ ಆರಿ ಹೋಗಿರತೈತಿ. ಅಂಗೈ ನೆಕ್ಕಿದ್ರ ಬರೇ ಉಪ್ಪು.

ಬರೇ ನೀರು ಕುಡದ್ರೂ ಆಗಂಗಿಲ್ಲ, ಇದು ನಂಗೂ ಆವತ್ತ ಗೊತ್ತಾದದ್ದು. ಬೆವರಿನ್ಯಾಗ ಉಪ್ಪು ಹೋಗಿರತೈತಿ, ಮ್ಯಾಲಿಂದ ಉಪ್ಪಿಲ್ಲದ ನೀರು ಸುರದ್ರ ರಕ್ತದಾಗಿನ ಉಪ್ಪು ಇನ್ನೂ ತೆಳ್ಳಗಾಗತೈತಿ. ತಲಿ ತಿರಗೂದು, ವಾಂತಿ, ಆಮ್ಯಾಲ ಬುದ್ಧಿ ಮಂಕಾಗೂದು. ನೀರಡಿಕಿ ಅಂತ ತಿಳದು ಮತ್ತ ನೀರ ಕುಡೀತಾರ, ಇನ್ನೂ ಕೆಡತೈತಿ. ಅದಕ್ಕ ತಿನ್ನಬೇಕು, ಉಪ್ಪಿನದು ತಿನ್ನಬೇಕು. ಇಲ್ಲಿ ನನ್ನ ಕೆಲಸಾ ಬಂತು ನೋಡ್ರಿ. ಊರಿಂದ ಒಯ್ದ ಕಡಕ್ ರೊಟ್ಟಿ ಇದ್ವು, ಶೇಂಗಾ ಚಟ್ನಿ ಪುಡಿ ಇತ್ತು. ರೊಟ್ಟಿ ಮುರದು ಡಬ್ಬಿಗೆ ತುಂಬಿ, ಪುಡಿಗೆ ಒಂದು ಚಮಚಾ ಎಣ್ಣಿ ಕಲಸಿ, ಎರಡು ಶೇಂಗಾ ಹೋಳಿಗಿ ಕಾಗದದಾಗ ಸುತ್ತಿ ಕೊಟ್ಟೆ. ಒಂದು ಬಾಟ್ಲಿಗೆ ಲಿಂಬಿಹಣ್ಣು, ಉಪ್ಪು, ಸಕ್ಕರಿ ಹಾಕಿದೆ. ಅಲ್ಲಿನವರು ಎನರ್ಜಿ ಬಾರ್ ಅಂತ ದುಡ್ಡು ಸುರದು ತಿಂತಾರಲ್ಲ, ನಮ್ಮ ಹೊಲಕ್ಕ ಒಯ್ಯೂ ಬುತ್ತಿ ಅದರಕಿಂತ ಯಾವುದರಾಗ ಕಡಿಮಿ? ಕೆಡಂಗಿಲ್ಲ, ಸೋರಂಗಿಲ್ಲ, ಭಾರಿಲ್ಲ, ಕುಂತಲ್ಲೇ ಒಂದು ಕೈಯಾಗ ಮುಗೀತೈತಿ. ಬಿಸಿಲಾಗ ದುಡಿಯೂ ಮಂದಿ ಹುಡುಕಿದ ಊಟ ಅದು.

ಡಬ್ಬಿ ಕಟ್ಟಿದ ಮ್ಯಾಲ ಅಕಿ ಒಂದು ಚೀಟಿ ಬರದ್ಲು. ನಾ ಇಷ್ಟೆಲ್ಲಾ ಬರಿಯಾಕ ಹತ್ತಿದ್ದು ಆ ಚೀಟಿ ಸಲುವಾಗಿ. ದಾರಿ ಹೆಸರು, ಕಾರು ಎಲ್ಲಿ ನಿಲ್ಲಸ್ತೀನಿ, ಕಾರಿನ ನಂಬರು, ಹಾಕ್ಕೊಂಡ ಅಂಗಿ ಬಣ್ಣ, ಯಾವ ಕಡಿಯಿಂದ ಸುತ್ತು ಚಾಲೂ ಮಾಡ್ತೀನಿ, ಮುಂಜಾನೆ ಎಷ್ಟಕ್ಕ ಹೆಜ್ಜಿ ಇಡ್ತೀನಿ, ಸಂಜಿ ಎಷ್ಟಕ್ಕ ಕಾರು ಮುಟ್ತೀನಿ, ಫೋನ್ ಸಿಗೂ ಜಾಗಾಕ್ಕ ಎಷ್ಟಕ್ಕ ಬರ್ತೀನಿ. ಕೊನೀಗೆ ಕೆಂಪು ಪೆನ್ನಿಲೆ: "ಎಂಟೂವರಿ ತನಕ ಫೋನ್ ಬರಲಿಲ್ಲ ಅಂದ್ರ 911ಕ್ಕ ಹಚ್ಚರಿ. ಇನ್ನೊಂದು ಅರ್ಧಾ ತಾಸು ನೋಡೂಣು ಅನ್ನಬ್ಯಾಡ್ರಿ." ಅದನ್ನ ಮಗನ ಕೈಯಾಗ ಒಂದು, ನನ್ನ ಕೈಯಾಗ ಒಂದು ಕೊಟ್ಲು. ನಸುಕಿನ್ಯಾಗ ಕೂಸು ಮಲಗಿದ್ದಾಗನ ಎದ್ದು ಹೋದ್ಲು.

ನಂಗ ಹೆದರಿಕಿ ಆಗಲಿಲ್ಲೇನು? ಆತು. ಮಧ್ಯಾನ ತನಕ ಮೊಮ್ಮಗನ ಗದ್ದಲದಾಗ ಹೊತ್ತು ಹೋತು. ಅವರಪ್ಪನ ಉಣಿಸಿದ, ಅವರಪ್ಪನ ತೊಳದ, ನಾ ಬರೇ ಕಥಿ ಹೇಳೂದು. ಸಂಜಿ ಆರೂವರಿ ಆಸುಪಾಸು ಹೊತ್ತು ಮುಳುಗಿತು, ಆವಾಗ ನೋಡ್ರಿ, ಗುಡ್ಡ ಕೆಂಪಾಗಿ ಕೆಂಡದಂಗಾಗಿ ತಟ್ನ ಕಪ್ಪಾತು. ನಾ ಚೀಟಿ ಕೈಯಾಗ ಹಿಡಕೊಂಡು ಕುಂತೆ. ಏಳಾತು. ಏಳೂಕಾಲಾತು. ಆದ್ರ ಚೀಟಿಯೊಳಗ "ಏಳರಿಂದ ಏಳೂವರಿ ಒಳಗ ಫೋನ್ ಮಾಡ್ತೀನಿ" ಅಂತ ಇತ್ತು, ಅದಕ್ಕ ನಾ ಬಾಯಿ ಬಿಡಲಿಲ್ಲ. ಏಳು ಇಪ್ಪತ್ತಕ್ಕ ಫೋನ್ ಬಂತು. "ಅತ್ತಿ, ಶೇಂಗಾ ಹೋಳಿಗಿ ಒಂದು ಉಳದೈತಿ, ಅಂವ ಮಲಗ್ಯಾನೇನು?" ಅಂದ್ಲು. ಅಷ್ಟ.

ಈಗ ಕಾಕು ಕೇಳಿದ್ದಕ್ಕ ಬರ್ತೀನಿ. "ನೀ ಹೆಂಗ ಬಿಟ್ಟಿ?" ನಾ ಬಿಡಾಕ ಅಕಿ ನನ್ನ ಕೇಳೇ ಇಲ್ಲ. ಹೇಳಿ ಹೋಗ್ಯಾಳ. ಕೇಳಿ ಹೋಗೂದು ಬ್ಯಾರೆ, ಹೇಳಿ ಹೋಗೂದು ಬ್ಯಾರೆ. ನಾವು ಲಗ್ನ ಆಗಿ ಬಂದಾಗ ಕೇಳಿ ಹೋಗೂದನ್ನ ಕಲಿಸಿದ್ರು. ತವರಮನಿಗೆ ಹೋಗಬೇಕಂದ್ರ ಅತ್ತಿನ್ನ ಕೇಳು, ಮಾವನ್ನ ಕೇಳು, ಅವರು ಹೂಂ ಅಂದ್ರ ಗಂಡನ್ನ ಕೇಳು. ಎಲ್ಲಾರೂ ಹೂಂ ಅಂದ ಮ್ಯಾಲ ಬಸ್ಸಿನ್ಯಾಗ ಕುಂತ್ರ, ಆ ಬಸ್ಸು ಎಲ್ಲಿ ಕೆಟ್ಟು ನಿಂತೈತಿ, ಊರು ಮುಟ್ಟಿದ್ಲೋ ಇಲ್ಲೋ ಅಂತ ಎರಡು ದಿನ ಯಾರಿಗೂ ಗೊತ್ತಿರತಿರಲಿಲ್ಲ. ಕೇಳಿದ್ದು ಅವರ ದೊಡ್ಡಸ್ತಿಕಿಗೆ, ನಮ್ಮ ಜ್ವಾಕಿಗೆ ಅಲ್ಲ. ಹೇಳೂದು ಹಂಗಲ್ಲ. ಎಲ್ಲಿ, ಎಷ್ಟೊತ್ತು, ಬರಲಿಲ್ಲ ಅಂದ್ರ ಏನು ಮಾಡಬೇಕು ಅಂತ ಹೇಳಿ ಹೋದವರನ್ನ ಹುಡುಕಾಕ ಬರತೈತಿ.

ಗಂಡಸರಿಗೂ ಇದು ಬೇಕು. ಅದೇ ಯೂಟಾದ ಕೆಂಪು ಕಲ್ಲಿನ್ಯಾಗ, 2003ರ ಏಪ್ರಿಲಿನ್ಯಾಗ, ಆರನ್ ರಾಲ್ಸ್‌ಟನ್ ಅನ್ನೂ ಹುಡುಗ ಬ್ಲೂಜಾನ್ ಕ್ಯಾನ್ಯನ್ ಅನ್ನೂ ಸಂದಿಯೊಳಗ ಒಬ್ಬನ ಇಳದ. ಗುಡ್ಡಾ ಹತ್ತೂದರಾಗ ಪಳಗಿದವ. ಒಂದು ಗುಂಡು ಉರಳಿ ಅವನ ಬಲಗೈ ಕಲ್ಲಿನ ನಡುವ ಸಿಕ್ಕೊಂಡ್ತು. ಐದು ದಿನ ಅಲ್ಲೇ ನಿಂತ. ಯಾರೂ ಬರಲಿಲ್ಲ, ಯಾಕಂದ್ರ ಎಲ್ಲಿ ಹೊಂಟೀನಿ ಅಂತ ಅಂವ ಒಬ್ಬರಿಗೂ ಹೇಳಿರಲಿಲ್ಲ. ಕಡೀಕ ಸಣ್ಣ ಚಾಕುವಿನಿಂದ ತನ್ನ ಕೈ ತಾನ ಕೊಯ್ಕೊಂಡು ಹೊರಗ ಬಂದ. ಆ ಕಥಿ ಮ್ಯಾಲ '127 ಅವರ್ಸ್' ಅಂತ ಸಿನಿಮಾ ಬಂದೈತಿ, ನಮ್ಮ ಎ.ಆರ್. ರೆಹಮಾನ್ ಅವರದು ಸಂಗೀತ. ಮಗಾ ಹಚ್ಚಿ ತೋರಿಸಿದ, ನಾ ಅರ್ಧಾ ಕಣ್ಣು ಮುಚ್ಚೇ ನೋಡೀನಿ. ಅಂವ ಒಬ್ಬನ ಹೋದದ್ದಕ್ಕ ಯಾರೂ "ಗಂಡಸಾಗಿ ಹೆಂಗ ಹೋದ" ಅನ್ನಲಿಲ್ಲ. ಚೀಟಿ ಬರದಿಟ್ಟಿದ್ರ ಐದು ದಿನ ನಿಲ್ಲೂದು ತಪ್ಪತಿತ್ತು ಅಂತ ನನ್ನ ಲೆಕ್ಕ.

ಮತ್ತ ಜೋಡಿ ಇದ್ರ ಎಲ್ಲಾ ಚೊಲೋ ಅಂತೀರಲ್ಲ. 2015ರ ಸೆಪ್ಟೆಂಬರಿನ್ಯಾಗ ಯೂಟಾದ ಜೈಯಾನ್ ಪಾರ್ಕಿನ ಕೀಹೋಲ್ ಕ್ಯಾನ್ಯನ್ನಿಗೆ ಏಳು ಮಂದಿ ಕೂಡೇ ಇಳದಿದ್ರು. ಮಳಿ ಬಂತು, ಸಂದಿಯೊಳಗ ನೀರು ನುಗ್ಗಿ ಏಳೂ ಮಂದಿ ಹೋದ್ರು, ಪಾಪ. ಬಂಡಿ ಮ್ಯಾಲ ಬಿದ್ದ ಮಳಿ ಇಂಗಂಗಿಲ್ಲ, ಎಲ್ಲಾ ಹರದು ಸಂದಿಗೇ ಬರತೈತಿ. ನಿಮ್ಮ ತಲಿ ಮ್ಯಾಲ ಬಿಸಿಲಿದ್ರೂ ಎಲ್ಲೋ ದೂರದಾಗ ಸುರದ ಮಳಿ ಹರದು ಬರತೈತಿ. ಅಲ್ಲಿ ಮೋಡ ನೋಡಿ ಹಿಂದಕ್ಕ ಹೊಳ್ಳಾಕ ಬರೂ ಬುದ್ಧಿ ಬೇಕು. ನನ್ನ ಸೊಸಿ ಅದರ ಹಿಂದಿನ ವರ್ಷ ಒಮ್ಮಿ ಅರ್ಧಾ ದಾರಿಯಿಂದ ಹೊಳ್ಳಿ ಬಂದಿದ್ಲಂತ, ಮೋಡ ಕಟ್ಟಾಕ ಹತ್ತಿತ್ತು ಅಂತ. ಆವತ್ತಿನ ಫೋಟೋ ಒಂದೂ ನಿಮಗ ಬಂದಿಲ್ಲ, ಯಾಕಂದ್ರ ಅರ್ಧಕ್ಕ ಬಿಟ್ಟು ಬಂದದ್ದನ್ನ ಯಾರೂ ಫೋಟೋ ಹಾಕಂಗಿಲ್ಲ. ಅಕಿ ಮ್ಯಾಲ ನಂಗ ನಂಬಿಗಿ ಬಂದದ್ದು ಅದನ್ನ ಕೇಳಿದ ಮ್ಯಾಲ.

ಇನ್ನೊಂದು ಮಾತು ಅನ್ನದ ಬಿಡಂಗಿಲ್ಲ. ನಮ್ಮ ಅಮ್ಮ, ಅಂದ್ರ ಅಪ್ಪನ ಅವ್ವ, ಕಳದ ಎಮ್ಮಿ ಹುಡುಕಾಕ ಒಬ್ಬಾಕಿನ ಗುಡ್ಡಾ ಹತ್ತಿ ಕತ್ತಲಾದ ಮ್ಯಾಲ ಇಳದು ಬರತಿದ್ಲು. ಯಾರೂ ಏನೂ ಅನ್ನಲಿಲ್ಲ. ಕಟಗಿಗೆ ಒಬ್ಬಾಕಿನ ಹೋಗಬೇಕು, ಹೊಲಕ್ಕ ಬುತ್ತಿ ಒಬ್ಬಾಕಿನ ಒಯ್ಯಬೇಕು, ಬ್ಯಾಸಗ್ಯಾಗ ನೀರಿಗೆ ನಸುಕಿನ್ಯಾಗ ಒಬ್ಬಾಕಿನ ಹೋಗಬೇಕು. ಆವಾಗ ಹುಳಾ ಹುಪ್ಪಡಿ, ಕತ್ತಲಾ, ಕೆಟ್ಟ ಮಂದಿ ಯಾವುದೂ ಯಾರಿಗೂ ನೆನಪಾಗಲಿಲ್ಲ. ಎಮ್ಮಿ ಸಲುವಾಗಿ ಗುಡ್ಡಾ ಹತ್ತಿದ್ರ ಅಕಿ ಗಟ್ಟಿ ಹೆಣಮಗಳು. ತನ್ನ ಸಲುವಾಗಿ ಹತ್ತಿದ್ರ ಅಕಿಗೆ ಮನಿ ಖಬರಿಲ್ಲ. ಹಂಗಾದ್ರ ನಮಗ ಹೆದರಿಕಿ ಯಾವುದರದು? ಗುಡ್ಡದ್ದೋ, ಅಕಿ ಖುಷಿದೋ? ವೈನಿ, ನೀವ ಹೇಳ್ರಿ.

ಕೂಸಿನ ಮಾತು ತಗದವರಿಗೆ: ಕೂಸಿಗೆ ಅಪ್ಪ ಇದ್ದಾನ. ಅಂವ ಆಫೀಸಿನ ಕೆಲಸಕ್ಕಂತ ವಾರಗಟ್ಟಲೆ ಪರಊರಿಗೆ ಹೋದಾಗ ನಿಮ್ಮಲ್ಲಿ ಒಬ್ಬರೂ ಕೂಸು ಬಿಟ್ಟು ಹೋಗ್ಯಾನೇನು ಅಂತ ಕೇಳಿಲ್ಲ. ನನ್ನ ಮಗಾ ಅಂತ ಹೊಗಳೂದಿಲ್ಲ, ಅವತ್ತು ಕೂಸಿನ ಅಂಗಿ ಉಲ್ಟಾ ಹಾಕಿದ್ದ. ಆದ್ರ ಕೂಸು ಉಂಡಿತ್ತು, ಮಲಗಿತ್ತು.

ಹಂಗಂತ ಎಲ್ಲಾರೂ ನಾಳಿನ ಹೊಂಡ್ರಿ ಅಂತ ನಾ ಅನ್ನಂಗಿಲ್ಲ. ಮೊದಲನೇ ಸಲ ಒಬ್ಬರ ಹೋಗೂ ದಾರಿ ಅಲ್ಲ ಅದು. ಸೊಸಿ ನಾಕು ವರ್ಷ ಗೆಳತ್ಯಾರ ಸಂಗಾಟ ನಡದು ಕಲತಾಳ. ಜೂನ್, ಜುಲೈ ತಿಂಗಳಾಗ ಅಲ್ಲಿ 38 ಡಿಗ್ರಿ ದಾಟತೈತಿ, ನೆರಳು ಅನ್ನೂದು ಇರಂಗಿಲ್ಲ, ಆವಾಗ ಹೋಗ್ತೀನಿ ಅಂದಿದ್ರ ನಾನೂ ಬಾಗಲಕ್ಕ ಅಡ್ಡ ನಿಂದರತಿದ್ದೆ. ದಾರಿ ತೋರಸಾಕ ಅಲ್ಲಿ ಬೋರ್ಡ್ ಭಾಳ ಇಲ್ಲ. ಕಲ್ಲು ಮ್ಯಾಲ ಕಲ್ಲು ಪೇರಿಸಿ ಸಣ್ಣ ಗುಡ್ಡಿ ಇಟ್ಟಿರ್ತಾರ, ಒಂದು ಗುಡ್ಡಿ ಹತ್ರ ನಿಂತು ಮುಂದಿನ ಗುಡ್ಡಿ ಕಾಣೂ ತನಕ ಹೆಜ್ಜಿ ಎತ್ತಬಾರದು. ನಮ್ಮ ಕಡಿ ಮಂದಿ ದೇವರ ಗುಡ್ಡದಾಗ ಮನಿ ಆಗಲಿ ಅಂತ ಬೇಡಕೊಂಡು ಕಲ್ಲು ಪೇರಸ್ತೀವಲ್ಲ, ಅಲ್ಲಿ ಹೋದ್ರ ಆ ಚಟ ಬಿಡ್ರಿ. ನೀವು ಸುಮ್ಮನ ಪೇರಿಸಿದ ಗುಡ್ಡಿ ನೋಡಿ ಹಿಂದ ಬಂದವರು ದಾರಿ ತಪ್ಪತಾರ. ಮತ್ತ ದಾರಿ ಬಿಟ್ಟು ಮಣ್ಣು ತುಳೀಬಾರದು. ಆ ಮಣ್ಣಿನ ಮ್ಯಾಲ ಕಪ್ಪಗ ಒಂದು ಹೊಪ್ಪಳಿಕಿ ಇರತೈತಿ, ಅದು ಜೀವಂತ ಐತಿ, ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವ ಕೂಡಿ ಉಸುಕನ್ನ ಹಿಡದಿಟ್ಟಿರ್ತಾವ. ಸಗಣಿಲೆ ಸಾರಿಸಿದ ನೆಲಾ ಆರೂದರಾಗ ತುಳದ್ರ ನಮಗ ಎಷ್ಟು ಸಿಟ್ಟು ಬರತೈತಿ? ಅಲ್ಲಿ ಒಂದು ಹೆಜ್ಜಿ ಗುರುತು ಮಾಯಾಕ ವರ್ಷಗಟ್ಟಲೆ ಬೇಕು.

ಒಂದು ವಿಷಯದಾಗ ಮಾತ್ರ ಅಕಿಗೂ ನಂಗೂ ವಾದ ಆತು. ಫೋನ್ ಸಿಗದ ಜಾಗಾದಿಂದ ಉಪಗ್ರಹದ ಮೂಲಕ ಸುದ್ದಿ ಕಳಸೂ ಒಂದು ಸಣ್ಣ ಯಂತ್ರ ಸಿಗತೈತಿ, ಅಂಗೈಯಾಗ ಹಿಡಿಯೂವಷ್ಟು. ಗುಂಡಿ ಒತ್ತಿದ್ರ ನಾ ಇಲ್ಲಿದ್ದೀನಿ ಅಂತ ಮನಿಗೆ ಬರತೈತಿ, ಕಾಲು ಮುರದ್ರ ಸಹಾಯ ಕೇಳಾಕೂ ಬರತೈತಿ. "ಭಾಳ ತುಟ್ಟಿ ಅತ್ತಿ, ಮ್ಯಾಲ ತಿಂಗಳಾ ರೊಕ್ಕಾ ಬ್ಯಾರೆ, ವರ್ಷಕ್ಕ ನಾಕು ಸಲ ನಡಿಯಾಕ ಯಾಕ?" ಅಂದ್ಲು. ಚೀಟಿ ಎಷ್ಟು ಚೊಲೋ ಇದ್ರೂ ಎಂಟೂವರಿ ಆಗೂ ತನಕ ಸುಮ್ಮನ ಕುಂದರಬೇಕು, ಕಾಲು ಮುಂಜಾನೆ ಹತ್ತಕ್ಕ ಮುರದಿದ್ರ? ಇದು ನನ್ನ ವಾದ. ದೀಪಾವಳಿಗೆ ಅಕಿಗೆ ಸೀರಿ ತಗೋಬೇಕಂತ ತಗದಿಟ್ಟ ರೊಕ್ಕಾ ಮಗನ ಕೈಯಾಗ ಕೊಟ್ಟು ಬಂದೀನಿ. ಅಕಿ ಇನ್ನೂ ಹೂಂ ಅಂದಿಲ್ಲ. ಮುಂದ ವಸಂತ ಕಾಲಕ್ಕ, ಮಾರ್ಚ್ ಮುಗಿಯೂದರಾಗ, ಮತ್ತ ಹೋಗ್ತಾಳಂತ, ಅಷ್ಟರಾಗ ತರಸ್ತೀನಿ ಅಂತ ಮಗಾ ಹೇಳ್ಯಾನ. ಸೀರಿ ಎಲ್ಲಿ ಅಂತ ಕಾಕು ಕೇಳಿದ್ರ ನಾ ಹೇಳ್ತೀನಿ.